ಗೋಲಿನ ಹಿಂದೆ ನಿಂತ ಪುಟ್ಟಮಾದಪ್ಪ

ಮೊದಲ ಸಲ ಕಂಡ ದಿನ ಚಿಕ್ಕಬಸಮ್ಮ ಪುಟ್ಟಮಾದಪ್ಪನನ್ನು ಮೂಗನೆಂದುಕೊಂಡಳು. ಗಂಡ ತೀರಿಕೊಂಡ ಮೇಲೆ ಕೊಳ್ಳೇಗಾಲದ ಆಟದ ಮೈದಾನದ ಮಗ್ಗುಲಲ್ಲಿ ಅವಳು ಟೀ ಅಂಗಡಿ ಇಟ್ಟು ಇನ್ನೂ ವಾರ ಕಳೆದಿರಲಿಲ್ಲ. ಭಾನುವಾರದ ಇಳಿಹೊತ್ತು. ಕತ್ತಿಗೆ ನೀಲಿ ಟವೆಲು ಸುತ್ತಿಕೊಂಡ, ಐವತ್ತರ ಆಸುಪಾಸಿನ ಗಂಡಸೊಬ್ಬ ಮೈದಾನದ ಕಡೆಯಿಂದ ಬಂದು ಗಂಟಲು ಮುಟ್ಟಿ ತೋರಿಸಿದ, ಬಿಸಿನೀರಿನ ಪಾತ್ರೆ ತೋರಿಸಿದ, ಆಮೇಲೆ ಬೆರಳುಗಳಲ್ಲಿ ಏನನ್ನೋ ಪುಡಿ ಮಾಡುವಂತೆ ಮಾಡಿದ. ಪಾಪದ ಜೀವ ಅಂದುಕೊಂಡ ಚಿಕ್ಕಬಸಮ್ಮ ಅವನಿಗೆ ಕೇಳಲೆಂದು ಕೂಗಿದಳು: “ಮೆಣಸಾ? ಮೆ-ಣ-ಸಾ?”

ಅವನ ಹಿಂದೆ ಬಂದ ಹುಡುಗರು ಬಿದ್ದು ಬಿದ್ದು ನಕ್ಕರು.

“ಅಜ್ಜೀ, ಅವ್ನು ಮೂಗ ಅಲ್ಲ ಕಣಜ್ಜಿ. ಇವತ್ತು ನಾವು ಗೆದ್ದೋ ಅಲ್ವಾ, ಅದ್ಕೇ ಗಂಟ್ಲು ಓಗ್ಬುಟ್ಟದೆ. ಎರಡು ದಿನ ಬುಟ್ಟು ಬಸ್‌ಸ್ಟ್ಯಾಂಡ್‌ಗೆ ಬಂದು ನೋಡು.”

ಹಾಲಿಗೆಂದು ಪೇಟೆಗೆ ಹೋದಾಗ ನೋಡಿದಳು. ಅದೇ ಮನುಷ್ಯ ಬಸ್ಸಿನ ಬಾಗಿಲಲ್ಲಿ ಕೈ ಆನಿಸಿಕೊಂಡು, “ಅನೂರ್ ಅನೂರ್ ಅನೂರ್! ಕೌದಳ್ಳಿ, ಬೆಟ್ಟ ಬೆಟ್ಟ ಬೆಟ್ಟಾ!” ಎಂದು ಕೂಗುತ್ತಿದ್ದ. ಆಚೆ ಬೀದಿಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರೂ ಆ ಕೂಗಿಗೆ ಕೈ ತೊಳೆದು ಏಳುತ್ತಿದ್ದರು. ಹನೂರು, ಬೆಟ್ಟ ಎಂದು ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಕರೆಯುವುದೇ ಅವನ ಕಸುಬು. ಮಾದಪ್ಪನ ಬೆಟ್ಟಕ್ಕೆ ಹೋಗುವವರನ್ನು ಹತ್ತಿಸುವವನೂ ಅವನೇ, ಅಲ್ಲಿ ಮುಡಿ ಕೊಟ್ಟು ಬೋಳಾಗಿ ಬಂದವರನ್ನು ಇಳಿಸಿಕೊಳ್ಳುವವನೂ ಅವನೇ.

ಆದರೆ ಊರಿನ ಫುಟ್‌ಬಾಲ್ ತಂಡ ಮರಡಿ ಬಾಯ್ಸ್ ತನ್ನ ಮೈದಾನದಲ್ಲೇ ಆಡುವ ಭಾನುವಾರ ಬಸ್ಸಿನವರು ಎಷ್ಟು ಕೊಡುತ್ತೇವೆಂದರೂ ಅವನು ಕೂಗುತ್ತಿರಲಿಲ್ಲ. ಆ ದಿನದ ಗಂಟಲು ಮರಡಿ ಬಾಯ್ಸ್‌ಗೆ ಮೀಸಲು. ಬೆಳಿಗ್ಗೆಯೇ ಬಂದು ಸುಣ್ಣದ ಗೆರೆ ಎಳೆಯುವವರ ಜೊತೆ ಬಗ್ಗಿ ನೋಡುತ್ತಿದ್ದ. ಸತ್ತೇಗಾಲದ ಬೆಸ್ತರಿಂದ ತಂದ ಹಳೆಯ ಮೀನುಬಲೆಯನ್ನು ಗೋಲಿನ ಕಂಬಗಳಿಗೆ ತಾನೇ ಕಟ್ಟುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಬೈಕುಗಳು, ಟಾಟಾ ಏಸ್ ಗಾಡಿಗಳು, ನೀಲಿ ಟವೆಲುಗಳು. ಬೇವಿನ ಮರದ ಮೇಲೂ ಜನ. ಎರಡು ತಮಟೆ ಕಾಯಿಸಿಕೊಂಡು ಬಂದು ನಿಂತವೆಂದರೆ ಚಿಕ್ಕಬಸಮ್ಮನ ಅಂಗಡಿಯ ಲೋಟಗಳು ತಾವಾಗಿ ಅದುರುತ್ತಿದ್ದವು.

ಪುಟ್ಟಮಾದಪ್ಪ ನಿಲ್ಲುವ ಜಾಗ ಒಂದೇ, ಎದುರು ತಂಡದ ಗೋಲಿನ ಹಿಂದೆ. ಅರ್ಧ ಆಟ ಮುಗಿದು ತಂಡಗಳು ಜಾಗ ಬದಲಿಸಿದರೆ ಅವನೂ ತನ್ನ ದಂಡು ಕಟ್ಟಿಕೊಂಡು ಈ ಕಡೆಯಿಂದ ಆ ಕಡೆಗೆ ನಡೆಯುತ್ತಿದ್ದ. ಅಲ್ಲಿ ನಿಂತು ಗೋಲ್‌ಕೀಪರನನ್ನು ರೇಗಿಸುವುದೇ ಅವನ ಸೇವೆ. ಅವನೊಂದು ಮಾತು ಕಟ್ಟಿ ಕೂಗಿದರೆ ಹಿಂದಿನವರೆಲ್ಲ ಅದನ್ನೇ ಕೂಗಬೇಕು. ಎರಡೂ ಕೈ ಮೇಲೆತ್ತಿದನೋ, ಇನ್ನೂ ಜೋರು ಎಂದು ಅರ್ಥ. ನಿಲ್ಲಿಸಿ ಎನ್ನಲು ಸನ್ನೆಯೇ ಇರಲಿಲ್ಲ. ಅದರ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ಒಮ್ಮೆ ಸುರಿಯುವ ಮಳೆಯಲ್ಲಿ ಮರಡಿ ಬಾಯ್ಸ್ ಐದು ಗೋಲು ತಿಂದು, ಜನರೆಲ್ಲ ಮನೆಗೆ ಹೋದ ಮೇಲೂ, ಇವನೊಬ್ಬ ನಿಂತು ಕೂಗಿದ್ದನ್ನು ಚಿಕ್ಕಬಸಮ್ಮ ಕಣ್ಣಾರೆ ಕಂಡಿದ್ದಳು.

ಯಳಂದೂರಿನ ತಂಡ ಬಂದಾಗ ಮಾತ್ರ ಅವನಿಗೊಬ್ಬ ಸರಿಜೋಡಿ ಸಿಗುತ್ತಿದ್ದ. ಅಲ್ಲಿನ ಗೋಲ್‌ಕೀಪರ್ ದೊರೆಸ್ವಾಮಿಯ ಅಪ್ಪ ನಂಜಯ್ಯ. ಅಕ್ಕಿ ಗಿರಣಿಯ ಕೆಲಸದವನು. ಮಗ ಎಲ್ಲಿ ಆಡಿದರೂ ಕಪ್ಪು ಕೊಡೆ ಹಿಡಿದು ಹೋಗಿ, ಮಗನ ಗೋಲಿನ ಹಿಂದೆ, ಎದುರು ಊರಿನವರ ನಟ್ಟನಡುವೆ ಒಬ್ಬನೇ ನಿಲ್ಲುತ್ತಿದ್ದ.

“ಯಾನ್ಲಾ ಬಸ್ಸು, ಗಂಟ್ಲಿಗೆ ಗ್ರೀಸ್ ಆಕ್ಸ್ಕಂಡು ಬಂದಿದ್ದೀಯಾ?” ಎನ್ನುತ್ತಿದ್ದ ನಂಜಯ್ಯ.

“ಬಾ ನಂಜಯ್ಯ ಬಾ. ಕೊಡೆ ತಂದಿದ್ದು ಒಳ್ಳೇದೇ ಆಯ್ತು. ನಿನ್ ಮಗನ ಮೇಲೆ ಇವತ್ತು ಗೋಲಿನ ಮಳೆ ಕಣಪ್ಪ!”

ಆಟ ಮುಗಿಯುವವರೆಗೂ ಹೀಗೇ. ಮುಗಿದ ಮೇಲೆ ಇಬ್ಬರೂ ಚಿಕ್ಕಬಸಮ್ಮನ ಬೆಂಚಿನ ಮೇಲೆ ಕೂತು, ಸೋತವನನ್ನು ಗೆದ್ದವನು ಸಮಾಧಾನ ಮಾಡುತ್ತ ಟೀ ಕುಡಿಯುತ್ತಿದ್ದರು.

ಈ ವರ್ಷ ಶಿವರಾತ್ರಿ ಕಳೆದ ಮೇಲಿನ ಭಾನುವಾರ ಯಳಂದೂರಿನ ತಂಡ ಬಂತು. ಟೆಂಪೋದಿಂದ ಇಳಿದ ದೊರೆಸ್ವಾಮಿಯ ತಲೆ ನುಣ್ಣಗೆ ಬೋಳಾಗಿತ್ತು. ನಂಜಯ್ಯ ಜೊತೆಗಿರಲಿಲ್ಲ.

ಪುಟ್ಟಮಾದಪ್ಪನಿಗೆ ಹಬ್ಬವೇ ಬಂದಂತಾಯಿತು. ಶಿವರಾತ್ರಿ ಜನವನ್ನು ಬೆಟ್ಟಕ್ಕೆ ಹತ್ತಿಸಿ ಇಳಿಸಿ ಅವನ ಕಣ್ಣಿನಲ್ಲಿ ಇನ್ನೂ ಬೋಳುತಲೆಗಳೇ ತುಂಬಿದ್ದವು. ಮ್ಯಾಚು ಗೆಲ್ಲಿಸು ಎಂದು ಮಾದಪ್ಪನಿಗೆ ಹರಕೆ ಹೊತ್ತು ಬಂದಿದ್ದಾನೆ ಹುಡುಗ! ಅವನಿಗೆ ಬೇರೊಂದು ಯೋಚನೆ ಹೊಳೆಯಲೇ ಇಲ್ಲ.

“ಲೇ ದೊರೇ! ನಮ್ಮ ಮಾದಪ್ಪುಂಗೆ ನೀ ಮುಡಿ ಕೊಟ್ರೆ ಅವ್ನು ನಿನ್ ಕಡೆ ಆಗ್ಬುಟ್ಟಾನೇನ್ಲಾ?” ಎಂದು ಶುರು ಮಾಡಿದ. ಆಮೇಲೆ ಕಟ್ಟಿದ:

“ಬೆಟ್ಟಕ್ಕೋದ ಬೋಳಣ್ಣ, ಗೋಲು ಬತ್ತದೆ ತಾಳಣ್ಣ!”

ತಮಟೆ ಅದಕ್ಕೆ ತಾಳ ಹಿಡಿಯಿತು. ಮೈದಾನಕ್ಕೆ ಮೈದಾನವೇ ಕೂಗಿತು. ಅಂಗಡಿಯಲ್ಲಿ ಚಿಕ್ಕಬಸಮ್ಮನೂ ನಕ್ಕಳು. ದೊರೆಸ್ವಾಮಿ ತಿರುಗಿ ನೋಡಲಿಲ್ಲ. ಬಂದ ಚೆಂಡನ್ನು ಹಿಡಿದ, ಒದ್ದ, ಮತ್ತೆ ಕಂಬಗಳ ನಡುವೆ ನಿಂತ. ಒಂದು ಚೆಂಡು ಅವನ ಕೈ ತಪ್ಪಿ ಬಲೆಗೆ ಬಿತ್ತು. ಆಗ ಪುಟ್ಟಮಾದಪ್ಪ ಬಲೆಯ ಹತ್ತಿರಕ್ಕೇ ಹೋಗಿ, “ನಿಮ್ಮಪ್ಪ ಎಲ್ಲಪ್ಪಾ? ಕೊಡೇನೇ ಕಾಣ್ನಿಲ್ಲ! ಸೋಲು ನೋಡಕಾಗ್ದೆ ಬೆಟ್ಟದಲ್ಲೇ ಉಳ್ಕಂಡ್ನಾ?” ಎಂದು ಕೂಗಿದ. ಜನ ಹೋ ಎಂದರು.

ಅರ್ಧ ಆಟದ ಬಿಡುವಿನಲ್ಲಿ ಯಳಂದೂರಿನ ಕ್ಯಾಪ್ಟನ್ ಬಸವಕುಮಾರ್ ಬಿಂದಿಗೆಯಲ್ಲಿ ನೀರು ಕೇಳಲು ಅಂಗಡಿಗೆ ಬಂದ. ಚಿಕ್ಕಬಸಮ್ಮ ನೀರು ಬಗ್ಗಿಸುತ್ತ, “ನಂಜಯ್ಯ ಯಾಕಪ್ಪ ಬರ್ನಿಲ್ಲ?” ಎಂದಳು.

ಅವನು ಅವಳ ಮುಖವನ್ನೇ ನೋಡಿದ. “ನಿಮ್ಗೂ ಗೊತ್ತಿಲ್ವಾ? ನಂಜಯ್ಯಣ್ಣ ತೀರ್ಕಂಡ್ರು ಕಣಮ್ಮ. ಮೊನ್ನೆ ತಿಥಿ ಆಯ್ತು. ಬೇರೆ ಗೋಲ್‌ಕೀಪರ್ ಇಲ್ಲ ನಮ್ಗೆ, ಕೈ ಮುಗ್ದು ಕರ್ಕ ಬಂದೊ.”

ಬಿಂದಿಗೆ ತುಂಬಿ ನೀರು ಅವಳ ಕಾಲಿನ ಮೇಲೆ ಹರಿಯಿತು. ಬೆಟ್ಟದಿಂದ ಬಂದವರ ಬೋಳುತಲೆಯ ಮೇಲೆ ಗಂಧ ಬಳಿದಿರುತ್ತದೆ. ಈ ಹುಡುಗನ ತಲೆಯ ಮೇಲೆ ಗಂಧದ ಗುರುತೂ ಇರಲಿಲ್ಲ. ಗಂಡನ ತಿಥಿಯಲ್ಲಿ ತನ್ನ ಮಗನ ಬೋಳುತಲೆ ಕಂಡಿದ್ದ ತಾನು ಇದನ್ನು ನೋಡಿಯೂ ನಕ್ಕೆನಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಒಲೆ ಹಾಗೇ ಬಿಟ್ಟು ಅವಳು ಮೈದಾನದ ಆಚೆ ತುದಿಗೆ ನಡೆದಳು. ಅಷ್ಟರಲ್ಲಿ ಆಟ ಶುರುವಾಗಿತ್ತು, ಬೋಳಣ್ಣನ ಕೂಗೂ ಶುರುವಾಗಿತ್ತು. ಜನರ ನಡುವೆ ನುಗ್ಗಿ ಪುಟ್ಟಮಾದಪ್ಪನ ಟವೆಲು ಹಿಡಿದೆಳೆದು ಕಿವಿಯಲ್ಲಿ ಹೇಳಿದಳು. ಅವನು ಮರುಕ್ಷಣವೇ ತಿರುಗಿ, ನಿಲ್ಲಿಸಿ ಎಂದು ಎರಡೂ ಕೈ ಮೇಲೆತ್ತಿದ.

ಹುಡುಗರು ಅದನ್ನು ಕಂಡು ದುಪ್ಪಟ್ಟು ಜೋರಾಗಿ ಕೂಗಿದರು.

“ಸಾಕು ಕಣ್ರಲಾ! ಸಾಕು!” ಎಂದು ಅವನು ಅರಚಿದ. ಊರಿಗೆಲ್ಲ ಕೇಳುವ ಆ ಗಂಟಲು ತಮಟೆಯ ಸದ್ದಿನಲ್ಲಿ ಮುಳುಗಿಹೋಯಿತು. ಇನ್ನೂ ಎತ್ತರಕ್ಕೆ ಕೈ ಬೀಸಿದ, ಕೂಗು ಇನ್ನೂ ಏರಿತು. ಕೊನೆಗೆ ತಮಟೆಯವನ ಕೋಲನ್ನೇ ಕಿತ್ತುಕೊಂಡ. ಆಗ ಒಬ್ಬೊಬ್ಬರಾಗಿ ಸುಮ್ಮನಾದರು. ಆ ಮೌನಕ್ಕೆ ದೊರೆಸ್ವಾಮಿ ಮೊದಲ ಸಲ ಹಿಂತಿರುಗಿ ನೋಡಿದ. ಕೈಯಲ್ಲಿ ಕೋಲು ಹಿಡಿದು ನಿಂತ ಪುಟ್ಟಮಾದಪ್ಪನನ್ನು ನೋಡಿ, ಮತ್ತೆ ಚೆಂಡಿನ ಕಡೆ ತಿರುಗಿದ.

ಮರಡಿ ಬಾಯ್ಸ್ ಗೆದ್ದರು. ಯಾರೂ ಕುಣಿಯಲಿಲ್ಲ. ಟೆಂಪೋ ಹೊರಡುವಾಗ ಪುಟ್ಟಮಾದಪ್ಪ ಬೇವಿನ ಮರದ ಮರೆಯಲ್ಲಿ ನಿಂತಿದ್ದ.

ಅಲ್ಲಿಂದಾಚೆ ಬಸ್‌ಸ್ಟ್ಯಾಂಡಿನಲ್ಲಿ ಅವನು ಹನೂರು ಕೂಗಿದ, ಬೆಟ್ಟ ಕೂಗಿದ. ಯಳಂದೂರಿನ ಬಸ್ಸು ಬಂದರೆ ಮಾತ್ರ ಬೇರೆಯವನಿಗೆ ಬಿಟ್ಟು ಆಚೆ ಹೋಗುತ್ತಿದ್ದ. ಮುಂದಿನ ಆಟದ ದಿನ ಬಲೆ ಕಟ್ಟಿಕೊಟ್ಟು, ಗೋಲಿನ ಹಿಂದೆ ನಿಲ್ಲದೆ, ಮೈದಾನಕ್ಕೆ ಬೆನ್ನು ಮಾಡಿ ಅಂಗಡಿಯ ಬೆಂಚಿನ ಮೇಲೆ ಕೂತ. ಹುಡುಗರು ಬಂದು ಗೋಗರೆದರು.

“ಅಣ್ಣೋ, ನೀ ಇಲ್ದೆ ಮೈದಾನ ಸಾವಿನ ಮನೆ ಆಗ್ಬುಟ್ಟದೆ, ಬಾರಣ್ಣ.”

“ಸಾವಿನ ಮನೆ ಮುಂದೆ ಕುಣ್ದೋನು ನಾನು. ನನ್ನ ಕರೀಬ್ಯಾಡಿ, ಓಗ್ರಲಾ.”

ಅವರು ಹೋದ ಮೇಲೆ ಚಿಕ್ಕಬಸಮ್ಮ ಅಂದಳು: “ಓಗಿ ಆ ಹುಡುಗುಂಗೆ ತಪ್ಪಾಯ್ತು ಅನ್ನು. ಅನ್ನೋಗಂಟ ಗೋಲಿನ ಹಿಂದೆ ನಿಂಗೆ ಜಾಗ ಇಲ್ಲ.”

“ಯಳಂದೂರ್ಗೆ ಎರಡು ಸಲ ಓಗಿದ್ದೆ ಕಣಮ್ಮಿ. ಗಿರಣಿತಾವ ಇಳ್ದೆ. ಅವ್ರ ಬೀದಿಗೆ ತಿರುಗ್ನಿಲ್ಲ. ಅದೇ ಬಸ್ಸಿಗೆ ವಾಪಸ್ ಬಂದೆ.”

ಹಾಗಾಗಿ ಮರುದಿನ ಅವಳೇ ಅಂಗಡಿ ಮುಚ್ಚಿ ಜೊತೆಗೆ ಹೊರಟಳು. ಯಳಂದೂರಿನಲ್ಲಿ ನಂಜಯ್ಯನ ಹೆಂಡತಿ ಶಿವಮ್ಮ ಜಗುಲಿಯ ಮೇಲೆ ಅವರೇಕಾಯಿ ಸುಲಿಯುತ್ತಿದ್ದಳು. ಕೊಳ್ಳೇಗಾಲದವರು ಎಂದದ್ದೇ ತಡ, ಅವಳು ಚಾಪೆ ಹಾಸಿದಳು.

“ಬಸ್ ಕೂಗೋ ಪುಟ್ಟಮಾದಪ್ಪ ಅಂದ್ರೆ ನೀವೇನಾ? ಅಯ್ಯೋ, ನಮ್ಮೋರು ಅಲ್ಲಿಂದ ಬಂದು ಉಣ್ಣೋಕ್ ಕೂತ್ರೆ ನಿಮ್ಮ ಮಾತೇ. ಅಂಥ ಗಂಟ್ಲು ನಮ್ಮೂರಲ್ಲಿಲ್ವಲ್ಲ ಅಂತ ಪೇಚಾಡೋರು. ನೋಡಕ್ಕೆ ಬಂದ್ರಲ್ಲ, ಅಷ್ಟೇ ಸಾಕು ಕಣಪ್ಪ.”

ಪುಟ್ಟಮಾದಪ್ಪ ನೆಲ ನೋಡಿಕೊಂಡು ಕೂತ. “ತಾಯಿ, ನಾನು...” ಎಂದ. ಮುಂದಿನ ಮಾತು ಬರುವಷ್ಟರಲ್ಲಿ ದೊರೆಸ್ವಾಮಿ ಒಳಗಿನಿಂದ ಬಂದ. ತಲೆಯ ಮೇಲೆ ಕೂದಲು ಆಗಷ್ಟೇ ಚಿಗುರುತ್ತಿತ್ತು. ಬಂದವನು ಯಾರೆಂದು ನೋಡಿದ. ಬಯ್ಯುತ್ತಾನೆ, ಆಚೆ ಹೋಗು ಅನ್ನುತ್ತಾನೆ ಎಂದು ಚಿಕ್ಕಬಸಮ್ಮ ಸೆರಗು ಬಿಗಿಹಿಡಿದಳು.

“ಅವ್ವ, ಮ್ಯಾಚಿನ ದಿನ ಇವ್ರೇ ತಮಟೆ ನಿಲ್ಸುದ್ದು. ವಿಷಯ ಗೊತ್ತಾದೇಟ್ಗೇ,” ಎಂದ ದೊರೆಸ್ವಾಮಿ. ಅದಕ್ಕೆ ಮುಂಚಿನದನ್ನು ಹೇಳಲಿಲ್ಲ. “ಊಟ ಮಾಡ್ಕಂಡೇ ಓಗ್ಬೇಕು ಸಾ,” ಎಂದು ಕೈ ತೊಳೆಯಲು ತಾನೇ ಚೆಂಬು ತಂದುಕೊಟ್ಟ.

ಪುಟ್ಟಮಾದಪ್ಪ ಉಂಡ. ತಪ್ಪಾಯಿತೆಂಬ ಮಾತು ಅನ್ನದ ಜೊತೆ ಒಳಗೇ ಇಳಿಯಿತು. ಅದನ್ನು ಆಡಬೇಕಾದರೆ ಆ ತಾಯಿಯ ಮುಂದೆ ಎಲ್ಲವನ್ನೂ ಬಿಚ್ಚಬೇಕಿತ್ತು. ಮಗ ಮುಚ್ಚಿಟ್ಟದ್ದನ್ನು ಇವನು ಬಿಚ್ಚುವುದು ಹೇಗೆ? ಬಾಗಿಲಲ್ಲಿ ದೊರೆಸ್ವಾಮಿಯ ಕೈ ಹಿಡಿದುಕೊಂಡ, ಬಹಳ ಹೊತ್ತು ಬಿಡಲಿಲ್ಲ.

ವಾಪಸು ಬರುವಾಗ ಬಸ್ಸು ಮಾಂಬಳ್ಳಿ ದಾಟಿತು. ಆಗ ಪುಟ್ಟಮಾದಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಚಿಕ್ಕಬಸಮ್ಮನ ಕಡೆ ತಿರುಗಿದ. ಈ ವಿಷಯವಾಗಿ ಅವನು ಅವಳನ್ನು ಕೊನೆಯದಾಗಿ ಕೇಳಿದ್ದು ಇದನ್ನೇ.

“ನಾನು ಕೂಗುದ್ನ ಅವ್ನು ಅವ್ರವ್ವುಂಗೆ ಯಾಕೆ ಏಳ್ನಿಲ್ಲ ಚಿಕ್ಕಬಸಮ್ಮ?”