ನೀಲಮ್ಮಕ್ಕನ ದಿಂಬಿನ ಪಕ್ಕದ ಹಸಿರು ಚೀಲ

ಇದು ಸುಳ್ಳಾಗಬಾರದೇ...
ನಿನ್ನೆ ಸಂಜೆ ಫೋನಿನಲ್ಲಿ ನನ್ನನ್ನು ಬೈದ ನೀಲಮ್ಮಕ್ಕ ಇಂದು ಇಲ್ಲ.

ವಾಡಿಯಲ್ಲಿ ನನ್ನ ಝೆರಾಕ್ಸ್ ಅಂಗಡಿಗೆ ಬಂದವರೆಲ್ಲ ಅವಳನ್ನು ನೋಡಿರುತ್ತೀರಿ.
ಪಕ್ಕದ್ದೇ ಅವಳ ಟೇಲರಿಂಗ್ ಅಂಗಡಿ.
ಕೊರಳಲ್ಲಿ ಟೇಪು, ಬಗಲಲ್ಲಿ ಹಸಿರು ಚೀಲ...

"ತಮ್ಮಾ, ನಾಳೆ ಹತ್ತಕ್ಕ ಬರ್ತೀನಿ. ಎರಡು ಸೆಟ್ ತೆಗೀಬೇಕು. ಹೋದ ಸಲದಂಗ ಕರ್ರಗ ಬಂದ್ರ ನಿನ್ನ ಮಷಿನ್ ಎತ್ತಿ ಒಗಿತೀನಿ ನೋಡು."
"ಬಾ ಅಕ್ಕಾ, ಹೊಸ ಟೋನರ್ ಹಾಕೀನಿ" ಎಂದು ಫೋನ್ ಇಟ್ಟೆ.

ಹತ್ತಾಯಿತು. ಹತ್ತೂವರೆಯಾಯಿತು.
ಅಕ್ಕ ಬರಲಿಲ್ಲ... ಸುದ್ದಿ ಬಂತು.
ಚಹಾ ಕುಡಿದು, ಎದೆ ಹಿಡಿದುಕೊಂಡು ಚಾಪೆಯ ಮೇಲೆ ಒರಗಿದವಳು ಮತ್ತೆ ಏಳಲಿಲ್ಲವಂತೆ.

ಗೊತ್ತಿಲ್ಲದವರಿಗೆ ಅವಳ ಕತೆ ಹೇಳಲೇಬೇಕು.

ಅಕ್ಕನ ಗಂಡ ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುತ್ತಿದ್ದರು.
ಜ್ವರ ಬಂತೆಂದು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು.
ಅವರಿಗೆ ಒಂದು ಇಂಜೆಕ್ಷನ್ ಆಗಿಬರುತ್ತಿರಲಿಲ್ಲ. ಹಿಂದೊಮ್ಮೆ ನೋಡಿದ್ದ ಡಾಕ್ಟರು ಅದನ್ನು ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟಿದ್ದರು.
ಅಕ್ಕ ಆ ಚೀಟಿ ತೋರಿಸಿದಳು. ಬಾಯಿಬಿಟ್ಟೂ ಹೇಳಿದಳು.
"ಡಾಕ್ಟರ್ ನೀನೋ, ನಾವೋ? ಹೊರಗ ಕುಂದ್ರು" ಎಂದರು.
ಅದೇ ಇಂಜೆಕ್ಷನ್ ಕೊಟ್ಟರು...
ಅರ್ಧ ತಾಸು. ಅಷ್ಟೇ.

ನಮ್ಮ ಮಂದಿಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಚಾಪೆ, ದಿಂಬು, ಅರಿವೆ, ಉಳಿದ ಗುಳಿಗೆ, ಚೀಟಿ ಎಲ್ಲವನ್ನೂ ಗಂಟು ಕಟ್ಟಿ ಹೊಳೆಗೆ ಬಿಡುತ್ತಾರಲ್ಲ...
ಅವರ ಮನೆಯಲ್ಲೂ ಬಿಟ್ಟರು.
ಗಂಟು ಕಟ್ಟಿಕೊಟ್ಟವಳು ಅಕ್ಕನೇ.
ಕೆಂಪು ಪೆನ್ನಿನ ಆ ಚೀಟಿ ಕಾಗಿಣಾ ಹೊಳೆಯ ಪಾಲಾಯಿತು.

ಮುಂದೆ ಗ್ರಾಹಕರ ಆಯೋಗಕ್ಕೆ ಹೋದಳು.
ಮನೆಯವರು ಏನೂ ಹೇಳಿರಲಿಲ್ಲ ಎಂದು ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಬರೆದಿತ್ತು.
ವಕೀಲರು ಚೀಟಿ ಕೇಳಿದರು. ಅಕ್ಕ ಏನು ಕೊಟ್ಟಾಳು?
ಕೇಸು ವಜಾ ಆಯಿತು.

ಅಂದಿನಿಂದ ಸಾವಿನ ಮನೆ ಎಂದರೆ ಅಕ್ಕ ಹಾಜರು.
ಚಿತ್ತಾಪುರ, ಸೇಡಂ... ಒಮ್ಮೆ ಯಾರದೋ ಮಾತು ಕೇಳಿ ಚಿಂಚೋಳಿಯವರೆಗೂ ಬಸ್ಸಿನಲ್ಲಿ ಹೋಗಿದ್ದಳು.
ಎಲ್ಲರ ಜೊತೆ ಕೂತು ಖರೇನೇ ಅಳುವಳು. ಅತ್ತು, ಸೆರಗಿನಲ್ಲಿ ಮೂಗು ಒರೆಸಿಕೊಂಡು,
"ದವಾಖಾನಿ ಕಾಗದ ಎಲ್ಲಿ ಅವ? ಗಂಟಿನ್ಯಾಗ ಹಾಕಬ್ಯಾಡ್ರಿ" ಎನ್ನುವಳು.
"ಹೆಣದ ಮುಂದೂ ಕಾಗದ ಕೇಳ್ತಾಳಲ್ಲ ಇಕಿ!" ಎಂದು ಜನ ಬೈದದ್ದು ನಾನೇ ಕೇಳಿದ್ದೇನೆ.
"ಬೈರಿ ಯವ್ವಾ, ಬೇಕಾದಷ್ಟು ಬೈರಿ. ಕಾಗದ ಎತ್ತಿಟ್ಟು ಬೈರಿ."

ಸತ್ತವರ ಮನೆಗಷ್ಟೇ ಅಲ್ಲ...
ರಾವೂರಿನ ಮಹಾದೇವಿಗೆ ಹೆರಿಗೆ ಆಪರೇಷನ್ ಮಾಡಿದವರು ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿದಿದ್ದರು. ತಿಂಗಳುಗಟ್ಟಲೆ ನರಳಿ, ಕಲಬುರಗಿಯಲ್ಲಿ ಮತ್ತೆ ಹೊಟ್ಟೆ ಕೊಯ್ಯಿಸಿಕೊಂಡಳು ಆ ಹುಡುಗಿ.
ಮೊದಲಿನ ಆಸ್ಪತ್ರೆ ಅವಳಿಗೆ ಕೇಸ್ ಶೀಟ್ ಕೊಡಲಿಲ್ಲ.
ಅಕ್ಕ ನನ್ನ ಕೈಯಿಂದ ಅರ್ಜಿ ಬರೆಸಿ, ಮಹಾದೇವಿಯ ಸಹಿ ಹಾಕಿಸಿ, ಅವಳನ್ನು ಕರೆದುಕೊಂಡು ಹೊರಟಳು.

"ರಿಕಾರ್ಡ್ ಸಿಗವಲ್ದಮ್ಮ" ಎಂದರು ಆಸ್ಪತ್ರೆಯವರು.
"ಸಿಗಲಿಲ್ಲ ಅಂತ ಬರದು ಶಿಕ್ಕಾ ಹೊಡದು ಕೊಡ್ರಿ ಸಾಹೇಬ್ರ. ಬರದು ಕೇಳಿದ ಮ್ಯಾಲ ಎಪ್ಪತ್ತೆರಡು ತಾಸಿನ್ಯಾಗ ಕೊಡಬೇಕಂತ ಕಾಯ್ದೆ ಅದ. ಇಲ್ಲೇ ಮೆಟ್ಟಲ ಮ್ಯಾಲ ಕುಂದರ್ತೀನಿ. ನನಗೂ ಹುಕ್ಕು ಹಚ್ಚೋ ಕೆಲಸ ಭಾಳ ಅದ."

ಮೂರು ದಿನ ಅಲ್ಲೇ ಕೂತು ಬ್ಲೌಸುಗಳಿಗೆ ಹುಕ್ಕು ಹಚ್ಚಿದಳು.
ನಿನ್ನೆ ಕೇಸ್ ಶೀಟ್ ಕೈಗೆ ಬಂತು, ಹಸಿರು ಚೀಲ ಸೇರಿತು. ಆಸ್ಪತ್ರೆಯ ಸೀಲು, ಶಿಕ್ಕಾ ಸಮೇತ.
ಎರಡು ಸೆಟ್ ತೆಗೆಯಬೇಕಿದ್ದದ್ದು ಅದರದ್ದೇ.
ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಮಹಾದೇವಿಯ ಗಡುವು ಬರುವ ಸೋಮವಾರ ಮುಗಿಯುತ್ತದೆ.

ಅಕ್ಕಾ...
ಎಲ್ಲರ ಮನೆಯ ಗಂಟು ಬಿಚ್ಚಿಸಿದೆ.
ನಿನ್ನ ಗಂಟಿನ ಬಗ್ಗೆ ಒಬ್ಬರಿಗೂ ಹೇಳಿಡಲಿಲ್ಲವಲ್ಲ...

ನಾನು ಓಡಿ ಬಂದಾಗ ನಿನ್ನ ತಮ್ಮ ಭೀಮಶ್ಯಾ ಚಾಪೆ ಸುತ್ತಿ ಹಗ್ಗ ಬಿಗಿಯುತ್ತಿದ್ದ.
ಸುರುಳಿಯ ಒಳಗಿನಿಂದ ಹಸಿರು ಚೀಲದ ಹಿಡಿಕೆ ಇಣುಕುತ್ತಿತ್ತು.

"ಭೀಮಶ್ಯಾ, ಆ ಚೀಲ ತಗಿ."
"ಸತ್ತವರದು ಮನ್ಯಾಗ ಇಡಬಾರದಣ್ಣ. ದಿಂಬಿನ ಬಾಜೂಕ ಇಟ್ಕೊಂಡಿದ್ದಳು. ಅಕಿ ಸಂಗಾಟನೇ ಹೋಗ್ಲಿ."
"ಅದು ಸತ್ತವರದಲ್ಲೋ, ಮಹಾದೇವಿದು. ಅಕಿ ಬದುಕ್ಯಾಳ."

ಅವನು ಹಗ್ಗ ಬಿಡಲಿಲ್ಲ. ನಾನು ಹಿಡಿಕೆ ಬಿಡಲಿಲ್ಲ.
ಅಳುತ್ತಿದ್ದವರೂ ನಮ್ಮತ್ತ ತಿರುಗಿದರು.
ಆಗ ಮೂಲೆಯಿಂದ ನಿನ್ನ ಸೋದರತ್ತೆ,
"ಕೊಡೋ ಅವಗ. ಇಲ್ಲಂದ್ರ ನೀಲಿ ಎದ್ದು ಕುಂತು ಕಾಗದ ಎಲ್ಲಿ ಅವ ಅಂತ ಕೇಳ್ತಾಳ" ಎಂದಳು.

ಮಂದಿ ನಕ್ಕಿತು ಅಕ್ಕಾ... ನಿನ್ನ ಮುಂದೆಯೇ.
ನಕ್ಕ ಬಾಯಿಂದಲೇ ಮತ್ತೆ ಅಳು ಬಂತು.
ಭೀಮಶ್ಯಾ ತಾನೇ ಗಂಟು ಬಿಚ್ಚಿ ಚೀಲ ನನ್ನ ಕೈಗಿಟ್ಟ. "ನನಗ ಗೊತ್ತಿರಲಿಲ್ಲಣ್ಣ" ಎಂದ. ಕೆಂಪು ಪೆನ್ನಿನ ಚೀಟಿ ನೆನೆದು ನೀನೂ ಒಮ್ಮೆ ಇದೇ ಮಾತು ಅಂದಿದ್ದೆ.

ಶಟರ್ ಅರ್ಧ ಎತ್ತಿ ಎರಡು ಸೆಟ್ ತೆಗೆದೆ.
ಒಂದೊಂದೇ ಹಾಳೆ ಬೆಳಕಿಗೆ ಹಿಡಿದು ನೋಡಿದೆ. ಕರ್ರಗಾಗಿಲ್ಲ.
ಒರಿಜಿನಲ್ ಮಹಾದೇವಿಯ ಕೈಯಲ್ಲಿದೆ. ಅದನ್ನು ಎದೆಗೆ ಅವುಚಿಕೊಂಡು ನಿನ್ನ ಕಾಲ ಬಳಿ ಕೂತಿದ್ದಾಳೆ.
ಸೋಮವಾರ ಅವಳ ಜೊತೆ ಕಲಬುರಗಿಗೆ ನಾನು ಹೋಗುತ್ತೇನೆ.

ಗೆಳೆಯರೇ, ಸಂಜೆ ನಾಲ್ಕಕ್ಕೆ ಮಣ್ಣು. ಬನ್ನಿ.
ಇಂದು ಚಾಪೆ, ದಿಂಬು ಮಾತ್ರ ಹೊಳೆಗೆ ಹೋಗುತ್ತವೆ.

ನಿನ್ನ ಜೀವ ತಣ್ಣಗಿರಲಿ ಅಕ್ಕಾ...
ಕಾಗದ ಎತ್ತಿಟ್ಟಿದ್ದೇವೆ. ನೀನು ಮಲಗು.
ಶರಣು.