ಬಸದಿ ಓಣಿಯ ದೀಪದ ಇಸ್ವಿ

ಚಿಕ್ಕೋಡಿಯ ಪಾರಿಸನಿಗೆ ಬಟ್ಟೆ ಅಂಗಡಿಯಿತ್ತು, ಗಿರಾಕಿಗಳಿದ್ದರು, ಕಣ್ಣು ಮಾತ್ರ ಬೀದಿದೀಪಗಳ ಮೇಲೆ. ಬಲ್ಬಿನ ಮೇಲಿನ ತಗಡಿನ ಟೊಪ್ಪಿಗೆಯ ಅಂಚು, ಪಿಂಗಾಣಿಯ ಹೋಲ್ಡರು, ಕಂಬದಿಂದ ಚಾಚಿದ ಕಬ್ಬಿಣದ ತೋಳಿನ ಬಾಗು, ಇಷ್ಟು ನೋಡಿದರೆ ಸಾಕು, ದೀಪ ಯಾವ ಕಾಲದ್ದೆಂದು ಹೇಳಿಬಿಡುತ್ತಿದ್ದ. ರಾಯಬಾಗಕ್ಕೆ ಮದುವೆಗೆ ಹೋದರೂ ಅಕ್ಷತೆ ಬೀಳುವ ಹೊತ್ತಿಗೆ ಯಾವುದೋ ಕಂಬದ ಬುಡದಲ್ಲಿ ಕತ್ತೆತ್ತಿ ನಿಂತಿರುತ್ತಿದ್ದ. “ನನ್ನ ನೋಡಾಕ ಬಂದಾಗೂ ಇಷ್ಟೊತ್ತು ನೋಡಿರಲಿಲ್ಲ ನೀವು,” ಎಂದು ಹೆಂಡತಿ ರಾಜಮತಿ ಕಾಲೆಳೆಯುತ್ತಿದ್ದಳು.

ಅವಳ ತಮ್ಮ ದಾದಾಸಾಹೇಬ ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿ. ಅವನ ಓಣಿಯ ದೀಪದ ಮೇಲೆ ಮೂವತ್ತೆಂಟನೇ ಇಸ್ವಿ ಅಚ್ಚಾಗಿತ್ತು. ಈ ಸೀಮೆಗೆಲ್ಲ ಅದೇ ಹಳೆಯದೆಂದು ಅವನ ಜಂಬ. ಚಿಕ್ಕೋಡಿಯ ಬಸದಿ ಓಣಿಯ ದೀಪ ಅದಕ್ಕಿಂತ ಹಳೆಯದೆಂದು ಪಾರಿಸ ಆಣೆ ಮಾಡಿ ಹೇಳಬಲ್ಲ. ಆದರೆ ಆಣೆ ಯಾರಿಗೆ ಬೇಕು? “ಬಾಗು-ಗೀಗು ಬ್ಯಾಡ್ರಿ ದಾಜಿ, ಇಸ್ವಿ ತೋರಸ್ರಿ,” ಎಂದು ಮೈದುನ ಹಬ್ಬಹಬ್ಬಕ್ಕೂ ಭಾವನನ್ನು ಚುಚ್ಚುತ್ತಿದ್ದ.

ಎಂಬತ್ತಾರರಲ್ಲಿ ವಾಯರ್‌ಮನ್ ಮಾಳಸಿದ್ದ ಆ ದೀಪಕ್ಕೆ ಬಲ್ಬು ಹಾಕಿ ಇಳಿದು, “ಟೊಪ್ಪಿಗಿ ಒಳಗ ಒಂದು ತಗಡಿನ ಪಟ್ಟಿ ಐತ್ರಿ. ಏನೋ ಬರದೈತಿ, ಮಸಿ ಹತ್ತಿ ಕಾಣವಲ್ದು,” ಎಂದ. ಪಾರಿಸ ಏಣಿ ಹೊಂದಿಸಿ ಹತ್ತುವಷ್ಟರಲ್ಲಿ ಎರಡು ವಾರ ಕಳೆದು, ಗುಬ್ಬಿ ಟೊಪ್ಪಿಗೆಯೊಳಗೆ ಪಟ್ಟಿಗೆ ಒತ್ತಿಯೇ ಗೂಡು ಕಟ್ಟಿ ಮೊಟ್ಟೆಯಿಟ್ಟಿತ್ತು.

ಬೇರೆಯವರಾಗಿದ್ದರೆ ಎರಡು ಬೆರಳಲ್ಲಿ ಹುಲ್ಲು ಸರಿಸಿ ಓದಿಬಿಡುತ್ತಿದ್ದರು. ಇವನದು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಅದರಲ್ಲಿ ಸಿಕ್ಕ ಸಣ್ಣ ಜೀವ ಉಳಿಯಲೆಂದು ಆ ಬಟ್ಟೆಯನ್ನು ಮತ್ತೆ ಅದೇ ಬಾವಿಯ ನೀರಿನಲ್ಲಿ ಜಾಲಿಸುವ ಜೈನರ ಮನೆ. ಹಲ್ಲು ಕಚ್ಚಿಕೊಂಡು ಇಳಿದ.

ಅಲ್ಲಿಂದ ಶುರುವಾಯಿತು ಗೋಳು. ಮರಿ ಹಾರಿ ಗೂಡು ಬರಿದಾದಾಗ ಮಾಳಸಿದ್ದ ಅಕ್ಕೋಳದ ಕಡೆ ಹೋಗಿರುತ್ತಿದ್ದ. ಅವನಿಲ್ಲದೆ ಕರೆಂಟು ತೆಗೆಯುವವರಿಲ್ಲ. ಅವನು ಸಿಕ್ಕಾಗ ಗೂಡಿನಲ್ಲಿ ಮತ್ತೆ ಮೊಟ್ಟೆ. ಒಮ್ಮೆ ಎರಡೂ ಕೂಡಿಬಂದರೆ ಏಣಿಯನ್ನು ಯಾರೋ ಒಯ್ದಿದ್ದರು. “ಈ ಗುಬ್ಬಿಗಿ ಊರಾಗ ಬ್ಯಾರೆ ಜಾಗಾನ ಇಲ್ಲೇನು?” ಎಂದು ಪಾರಿಸ ಉರಿದುಬೀಳುತ್ತಿದ್ದ. ಗುಬ್ಬಿಯ ಮೇಲಿನ ಸಿಟ್ಟು, ಸೀರೆ ಕೊಳ್ಳಲು ಬಂದ ಹೆಂಗಸರ ಮೇಲೆ ಹೋಗುತ್ತಿತ್ತು.

ತೊಂಬತ್ತೊಂದರಲ್ಲಿ ಪುರಸಭೆಯವರು ಹಳೆಯ ದೀಪ ಕಿತ್ತು ಟ್ಯೂಬ್‌ಲೈಟು ಹಾಕಲು ಹೊರಟರು. ಬಸದಿ ಓಣಿಗೆ ಬಂದಾಗ ಗೂಡಿನಲ್ಲಿ ಮರಿಗಳಿದ್ದವು. ಪಾರಿಸ ಓಣಿಯ ಹಿರಿಯರನ್ನೆಲ್ಲ ಪುರಸಭೆಗೆ ಕರೆದೊಯ್ದು ಕೈಮುಗಿದ. ಮರಿ ಹಾರುವವರೆಗೆ ಕೆಲಸ ನಿಂತಿತು. ಊರು ನಕ್ಕಿತು, ನಗಲಿ. ಕೊನೆಗೂ ಗೂಡು ಬರಿದಾದ ದಿನ ಮಾಳಸಿದ್ದ ಊರಲ್ಲೇ ಇದ್ದ, ಏಣಿಯೂ ಇತ್ತು. ಸುದ್ದಿ ತಿಳಿದು ದಾದಾಸಾಹೇಬ ನಿಪ್ಪಾಣಿಯಿಂದ ಬಂದು ಕೆಳಗೆ ನಿಂತ.

ಪಾರಿಸ ಹತ್ತಿ ಗೂಡನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿದ. ಗೂಡಿನ ಜೊತೆ ಪಟ್ಟಿಯೂ ಬಂತು. ವರ್ಷಗಟ್ಟಲೆ ತೊಯ್ದ ಹುಲ್ಲು, ಹಿಕ್ಕೆ ಅದಕ್ಕೆ ಅಂಟಿ ಕೂತು ತಗಡು ತುಕ್ಕು ಹಿಡಿದು ಸವೆದುಹೋಗಿತ್ತು. ಬೆರಳು ತಾಗಿದ್ದೇ ತಡ, ಹಪ್ಪಳದಂತೆ ಪುಡಿಯಾಯಿತು. ಅಂಗೈಯಲ್ಲುಳಿದ ಚೂರಿನ ಮೇಲೆ ಒಂದು, ಒಂಬತ್ತು, ಈ ಎರಡೇ ಅಂಕಿ. ಅಷ್ಟು ಅವನಿಗೆ ಮೊದಲೇ ಗೊತ್ತಿತ್ತು. ಇಷ್ಟು ವರ್ಷ ತಾನೇ ಕಾದು, ತಾನೇ ಕಾಪಾಡಿ, ತಾನೇ ಕೊಳೆಸಿದ್ದ. ಯಾರನ್ನು ಬೈಯಬೇಕೆಂದೂ ತಿಳಿಯಲಿಲ್ಲ.

“ಯಾವ ಇಸ್ವಿರಿ ದಾಜಿ?” ದಾದಾಸಾಹೇಬ ಕೆಳಗಿನಿಂದ ಕೂಗಿದ.

“ಹತ್ತೊಂಬತ್ನೂರಾ...”

“ಮುಂದ?”

“ಮುಂದಿಂದು ಗುಬ್ಬಿ ತಿಂದಾವಲೇ.”

ನಗಲು ಬಾಯಿ ತೆರೆದ ದಾದಾಸಾಹೇಬ, ಮೇಲಿದ್ದವನ ಮುಖ ನೋಡಿ ಏಣಿಯ ಬುಡ ಗಟ್ಟಿಯಾಗಿ ಹಿಡಿದುಕೊಂಡ.