ಬಿಲೋರಿ ಬಾಟಲಿಯ ಜಿಂಕೆ

ಬೋರಗಾಂವದ ಲಕ್ಷ್ಮಿಬಾಯಿಗೆ ಸಂಬಳವಿಲ್ಲದ ಒಂದು ಕೆಲಸವಿತ್ತು. ಬೆಳಿಗ್ಗೆ ಜೈನ ಬಸ್ತಿಯಲ್ಲಿ ಶಾಂತಿನಾಥ ಸ್ವಾಮಿಗೆ ಅಭಿಷೇಕ ಮಾಡಿದ ನೀರನ್ನು, ಅಂದರೆ ಗಂಧೋದಕವನ್ನು, ಗಾಜಿನ ಬಾಟಲಿಯಲ್ಲಿ ತುಂಬಿಕೊಂಡು ಹೊರಡುವುದು. ಹಾಸಿಗೆ ಹಿಡಿದವರ ನೆತ್ತಿಗೂ ಕಣ್ಣಿಗೂ ಹಚ್ಚಿ ಬರುವುದು. ಮಗ್ಗದವರ ಮನೆಯ ಮುದುಕಿ ಕೇಳಿದರೂ ಹಚ್ಚುವಳು, ಬೀಡಿ ಕಟ್ಟುವ ಸಾಬರ ಹೆಂಗಸು ಕೇಳಿದರೂ ಹಚ್ಚುವಳು. ಬಸ್ತಿ ಕಮಿಟಿಯ ಕೆಲವರಿಗೆ ಇದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಾಗಿತ್ತು.

ಬಾಟಲಿ ಅವಳ ಅತ್ತೆಯದು. ನಿಪ್ಪಾಣಿಯ ತಂಬಾಕಿನ ವಖಾರಕ್ಕೆ ಬರುತ್ತಿದ್ದ ಯಾವನೋ ಪರದೇಶಿ ಸಾಹೇಬ ಖಾಲಿ ಮಾಡಿ ಬಿಟ್ಟುಹೋದದ್ದು. ಬಿಸಿಲಿಗೆ ಹಿಡಿದರೆ ಗೋಡೆ ತುಂಬ ಬಣ್ಣ ಚೆಲ್ಲುತ್ತಿತ್ತು. ಸ್ಫಟಿಕದಂಥ ಆ ಗಾಜಿಗೆ ಮನೆಯಲ್ಲಿ ಬಿಲೋರಿ ಬಾಟಲಿ ಎಂದೇ ಹೆಸರು. ಹೊಟ್ಟೆಯ ಮೇಲೆ ಒಂದು ಜಿಂಕೆ ಕೆತ್ತಿತ್ತು. ಜಿಂಕೆ ಶಾಂತಿನಾಥ ತೀರ್ಥಂಕರರ ಲಾಂಛನ. ಸ್ವಾಮಿಯೇ ಕಳಿಸಿದ ಪಾತ್ರೆ ಎಂದು ಅತ್ತೆ ಅದನ್ನು ತೊಳೆದು ಗಂಧೋದಕಕ್ಕೆ ಇಟ್ಟಳು. ಅತ್ತೆಯ ನಂತರ ಲಕ್ಷ್ಮಿಬಾಯಿ.

ತಂಬಾಕಿಗೆ ಬೆಲೆ ಕೇಳಿ ನಾವು ಹೆದ್ದಾರಿಯ ಮೇಲೆ ಕುಳಿತ ಕಾಲದಲ್ಲಿ ಅವಳಿನ್ನೂ ಹೊಸ ಸೊಸೆ. ಬುತ್ತಿ ತಂದವಳು ಪೊಲೀಸರು ಲಾಠಿ ಬೀಸುವಾಗಲೂ ಓಡಲಿಲ್ಲ. ನಮ್ಮ ಜೊತೆ ಕುಳಿತಿದ್ದ ನೇಮಿನಾಥನ ತಲೆ ಒಡೆದಿತ್ತು. ಸೆರಗು ಹರಿದು ಕಟ್ಟಿ, ಅತ್ತೆ ಬುತ್ತಿಯ ಜೊತೆ ಕಳಿಸಿದ್ದ ಇದೇ ಬಾಟಲಿಯ ನೀರು ಹಚ್ಚಿದಳು. ರಕ್ತ ನಿಲ್ಲಿಸಿದ್ದು ಸೆರಗು, ನೀರಲ್ಲ. ಅದನ್ನು ನೇಮಿನಾಥನಿಗೆ ಹೇಳುವವರು ಯಾರು? ಅವನು ಅಂದೇ ನೇಮ ಹಿಡಿದ: ಗಂಧೋದಕ ಕಣ್ಣಿಗೆ ತಾಗದೆ ದಿನದ ಮೊದಲ ಹನಿ ನೀರೂ ಕುಡಿಯುವುದಿಲ್ಲ. ಈಗ ಅವನಿಗೆ ಎಂಬತ್ತು ದಾಟಿದೆ. ಸೊಂಟ ಮುರಿದು ಮಲಗಿದ ಮೇಲೆ ಲಕ್ಷ್ಮಿಬಾಯಿ ಹೋಗುವ ಮೊದಲ ಬಾಗಿಲು ಅವನದೇ.

ಕಳೆದ ಬೇಸಿಗೆಯಲ್ಲಿ ಅದೇ ಮನೆಗೆ ಕೊಲ್ಹಾಪುರದಿಂದ ರೋಹನ ಎಂಬ ಹಳೆ ಸಾಮಾನಿನ ವ್ಯಾಪಾರಿ ಬಂದ. ನೇಮಿನಾಥನ ಮಗ ಧರಣೇಂದ್ರ, ಬಸ್ತಿ ಕಮಿಟಿಯ ಅಧ್ಯಕ್ಷ, ಅಟ್ಟದ ಮೇಲಿನ ಪೆಟ್ಟಿಗೆ ತೋರಿಸಲು ಕರೆಸಿದ್ದ. ರೋಹನನ ಕಣ್ಣು ಪೆಟ್ಟಿಗೆ ಬಿಟ್ಟು, ಗಂಧೋದಕ ಹಚ್ಚಲು ಬಂದಿದ್ದ ಲಕ್ಷ್ಮಿಬಾಯಿಯ ಕೈಯ ಬಾಟಲಿಯ ಮೇಲೆ ಬಿತ್ತು.

"ಆಜಿ, ಒಂದ ಸಲ ಕೊಡ್ರಿ." ಉಗುರಿನಿಂದ ಬಡಿದ. ಬಾಟಲಿ ಗಂಟೆಯ ಹಾಗೆ ಗುಂಯ್ ಎಂದಿತು. "ಅಸ್ಸಲ್ ಮಾಲು! ಫ್ರಾನ್ಸ್ ಕಡೀದು. ಕುಲುಮಿಯೊಳಗ ಗಾಜಿಗೆ ಸೀಸ ಬೆರಸ್ತಿದ್ರು, ಅದಕ್ಕ ಈ ನಾದ, ಈ ಹೊಳಪು. ಒಬ್ಬಾವ ಕೊಳವಿಯಿಂದ ಊದಾಂವ, ಇನ್ನೊಬ್ಬಾವ ಕಲ್ಲಿನ ಗಾಲಿಗೆ ಹಿಡದು ಪಟ್ಟಿ ಕೊರಿಯಾಂವ. ಮುಚ್ಚಳ ಇದೇ ಬಾಯಾಗ ತಿರುವಿ ತಿರುವಿ ತೇಯ್ದದ್ದು, ಬ್ಯಾರೆ ಬಾಟ್ಲಿಗೆ ಕೂಡೂದಿಲ್ಲ."

"ನಮ್ಮತ್ತಿ ಹಂಗ," ಎಂದಳು ಲಕ್ಷ್ಮಿಬಾಯಿ. "ಯಾರ ಜೋಡಿನೂ ಕೂಡತಿದ್ದಿಲ್ಲ."

ಎಲ್ಲರೂ ನಕ್ಕರು. ರೋಹನ ಬಾಟಲಿ ತಿರುಗಿಸಿ ಜಿಂಕೆಯನ್ನು ನೋಡಿದ.

"ಇದು ಕಸ್ತೂರಿ ಸೆಂಟಿಂದು. ನೋಡ್ರಿ, ಕೊಂಬಿಲ್ಲ, ಬಾಯಾಗ ಕೋರಿಹಲ್ಲು. ಕಸ್ತೂರಿ ಮೃಗ. ಇದನ್ನ ಹೊಡದು ಹೊಕ್ಕಳದ ಚೀಲ ಕೊಯ್ದು ಸೆಂಟ್ ಮಾಡ್ತಿದ್ರು."

ಆ ಕೋರೆಹಲ್ಲುಗಳನ್ನು ಲಕ್ಷ್ಮಿಬಾಯಿ ಇಷ್ಟು ವರ್ಷ ಹುಲ್ಲಿನ ಎಸಳು ಎಂದುಕೊಂಡಿದ್ದಳು.

ಧರಣೇಂದ್ರ ಎದ್ದು ನಿಂತ. "ಕಾಕು, ಕೊಂದ ಪ್ರಾಣೀದ ಬಾಟ್ಲ್ಯಾಗ ಗಂಧೋದಕ? ನಾಳಿಂದ ನೀವು ಒಯ್ಯೂದು ಬಂದ್."

"ಬಾಟ್ಲಿ ಹೊಲಸೋ, ನನ್ನ ಕೈ ಹೊಲಸೋ? ಬಾಟ್ಲಿ ಆದ್ರ ಸ್ಟೀಲಿನ ಡಬ್ಬಿ ತರ್ತೀನಿ. ಕೈ ಆದ್ರ ಬಾಯಿ ಬಿಟ್ಟ ಹೇಳು."

ಧರಣೇಂದ್ರ ಅಟ್ಟದ ಏಣಿ ಹತ್ತಿದ. ಕಸ್ತೂರಿ ನೆಪ; ಅವನಿಗೆ ಬೇಡವಾಗಿದ್ದದ್ದು ಅವಳು ಹತ್ತುವ ಬೇರೆ ಜಾತಿಯ ಹೊಸ್ತಿಲುಗಳು.

ಮರುದಿನ ಧರಣೇಂದ್ರ ತಾನೇ ಬೆಳ್ಳಿ ಗಿಂಡಿಯಲ್ಲಿ ಗಂಧೋದಕ ತಂದ. ಬೆರಳು ಅದ್ದಿ ತಂದೆಯ ಕಣ್ಣಿಗೆ ಒಯ್ದ. ನೇಮಿನಾಥ ಮುಖ ತಿರುಗಿಸಿದ.

"ಮೊದಲ ಇದನ್ನ ಹೇಳು. ಆಕಿ ಹಚ್ಚಿದ್ದು ಅಶುದ್ಧ ಅಂದ್ರ, ನನ್ನ ನೇಮ ದಿನಾ ಮುರದಂಗ ಆತಲ್ಲ? ಅದಕ್ಕ ಪ್ರಾಯಶ್ಚಿತ್ತ ಉಪವಾಸ ಮಾಡಬೇಕಲ್ಲ?"

"ಅಪ್ಪಾ, ನಿಮಗ ಗೊತ್ತಿದ್ದಿಲ್ಲ, ದೋಷ ಇಲ್ಲ."

"ದೋಷ ಇಲ್ಲಂದ್ರ ಆಕೀನ್ಯಾಕ ತಡದಿ?"

ಮುದುಕ ತುಟಿ ಬಿಗಿದ. ಚಳವಳಿಯಲ್ಲಿ ಪೊಲೀಸರಿಗೂ ಬಗ್ಗದ ತುಟಿ ಅದು. ಸಕ್ಕರೆ ಕಾಯಿಲೆ, ಹೊರಗೆ ಸುಡುವ ಬಿಸಿಲು. ಮಧ್ಯಾಹ್ನಕ್ಕೆ ನಾಲಗೆ ಅಂಗುಳಕ್ಕೆ ಅಂಟಿತು. ಸೊಸೆ ಮಯೂರಿ ಲೋಟ ಹಿಡಿದು ಅತ್ತಳು. ಡಾಕ್ಟರು ಸಲಾಯಿನ್ ಹಚ್ಚಲು ಬಂದರೆ ಕೈ ಕೊಡಲಿಲ್ಲ. ಜೈನರ ಆಚಾರದಂತೆ ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಅನ್ನವಿಲ್ಲ, ಮುದುಕನಿಗೆ ನೀರೂ ಇಲ್ಲ. ಅಂದರೆ ಇನ್ನು ಇರುವುದು ಸಂಜೆಯವರೆಗಿನ ಹೊತ್ತು. ರಾತ್ರಿ ದಾಟುವ ಜೀವ ಅದಲ್ಲ ಎಂದು ಡಾಕ್ಟರು ಅಂಗಳಕ್ಕೆ ಬಂದು ಹೇಳಿಹೋದರು.

ಮಗ್ಗಗಳ ಸದ್ದು ನಿಂತು ಜನ ಚಹಾಕ್ಕೆ ಹೊರಬೀಳುವ ಹೊತ್ತಿಗೆ ಧರಣೇಂದ್ರ ಲಕ್ಷ್ಮಿಬಾಯಿಯ ಕಟ್ಟೆಯ ಮುಂದೆ ನಿಂತಿದ್ದ. ಅವಳು ಜೋಳ ಹಸನು ಮಾಡುತ್ತಿದ್ದಳು.

"ಕಾಕು, ಅಪ್ಪ ನೀರ ಮುಟ್ಟವಲ್ರು. ಬರ್ರಿ."

"ನಾ ಬಂದ್ರ ಏನ್ ಆಗ್ತೈತಿ? ಆಂವ ಕೇಳಿದ್ದು ನಿನಗ, ಊರಿಗೆಲ್ಲಾ ಗೊತ್ತೈತಿ. ಇಷ್ಟ ದಿನಾ ಹಚ್ಚಿದ್ದು ಶುದ್ಧ ಇತ್ತಂತ ಹೇಳು. ಇವತ್ತ ಮನಿಯಾಗ, ನಾಳೆ ಬಸ್ತ್ಯಾಗ."

"ಕಮಿಟಿಯವರಿಗೆ ಏನ್ ಹೇಳ್ಲಿ?"

"ಅಪ್ಪ ಬದುಕ್ಯಾನ ಅಂತ ಹೇಳು."

ಮೊರ ಕೆಳಗಿಟ್ಟು ಒಳಗೆ ಹೋದಳು. ಬಾಟಲಿ ತರುತ್ತಾಳೆಂದು ಬೀದಿಯೇ ಕಾದಿತ್ತು. ಅವಳು ತಂದದ್ದು ಉಪ್ಪಿನಕಾಯಿಯ ಸ್ಟೀಲ್ ಡಬ್ಬಿ, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು. ಬಸ್ತಿಯಲ್ಲಿ ಅದಕ್ಕೆ ಗಂಧೋದಕ ಹಾಕಿಸಿಕೊಂಡು ನೇಮಿನಾಥನ ಮನೆಗೆ ನಡೆದಳು.

ಧರಣೇಂದ್ರ ತಂದೆಯ ಮಂಚದ ಬಳಿ ನಿಂತ. ಅಂಗಳದಲ್ಲಿ ಕಮಿಟಿಯ ಇಬ್ಬರು, ಮಗ್ಗದ ಕೆಲಸದವರು, ನಾನು. ಹೊತ್ತು ಇಳಿದು ಕಿಟಕಿಯ ಬಿಸಿಲು ಗೋಡೆ ಹತ್ತಿಬಿಟ್ಟಿತ್ತು.

"ಅಪ್ಪಾ, ಕಾಕು ಹಚ್ಚಿದ್ದು ಶುದ್ಧ ಇತ್ತು."

"ಕೇಳವಲ್ದು," ಎಂದ ಮುದುಕ.

"ಶುದ್ಧ ಇತ್ತು! ನಾಳಿಂದ ಗಂಧೋದಕ ಕಾಕೂನೇ ತರ್ತಾರ. ಯಾರ ಮನಿಗಿ ಬೇಕಾದ್ರೂ ಹೋಗ್ಲಿ."

ನೇಮಿನಾಥ ಕಣ್ಣು ಮುಚ್ಚಿದ. ಲಕ್ಷ್ಮಿಬಾಯಿ ರೆಪ್ಪೆಗೆ ಬೆರಳು ತಾಗಿಸಿದಳು. ಮಯೂರಿ ಹಿಡಿದ ಲೋಟದಿಂದ ಮುದುಕ ಮೂರು ಗುಟುಕು ಕುಡಿದು ಕೆಮ್ಮಿದ.

ದಾರಿಯಲ್ಲಿ ನಾನು ಲಕ್ಷ್ಮಿಬಾಯಿಯನ್ನು ಕೇಳಿದೆ. "ಗೆದ್ದ ಮ್ಯಾಲ ಡಬ್ಬಿ ಯಾಕಬೇ? ಬಾಟ್ಲೀನ ಒಯ್ಯಬೇಕಿತ್ತು."

"ಕಸ್ತೂರಿ ಅಂದ ಕೂಡ್ಲೆ ನೀವೆಲ್ಲಾ ಕುಣದ್ರಿ. ಅದಕ್ಕೂ ಮೊದಲ ಆ ವ್ಯಾಪಾರಿ ಹುಡುಗ ಸೀಸ ಅಂದಿದ್ದ, ಯಾರರ ಕೇಳಿದ್ರೇನು? ಪಾಟೀಲರ ಕೂಸಿಗಿ ಬಣ್ಣದ ಡಬ್ಬಿ ನೆಕ್ಕಿ ಹೊಟ್ಟಿ ಕೆಟ್ಟಾಗ ದವಾಖಾನ್ಯಾಗ ಇದ ಸೀಸದ ವಿಷ ಅಂದ್ರು. ನಾ ಹಚ್ಚೂದು ಕಣ್ಣಿಗಿ."

ಬೀಡಿ ಕಟ್ಟುವವರ ಓಣಿ ಬಂತು. ಡಬ್ಬಿಯ ಮುಚ್ಚಳ ಸಡಿಲವಿತ್ತು. ಅಂಗೈಯಿಂದ ಒತ್ತಿಹಿಡಿದು ಅವಳು ಒಳಗೆ ತಿರುಗಿದಳು.